ನಿಧಾನವಾಗಿ ಕೇಳುವುದು ಅಪರಾಧವೇ?

ನಮ್ಮ ಕಾಲದ ನ್ಯಾಯವೇ ಒಂದು ವಿಚಿತ್ರ. ಯಾವ ಕೆಲಸವನ್ನಾದರೂ ಬೇಗ ಮುಗಿಸಿದವರು ಜಾಣರು, ನಿಧಾನವಾಗಿ ಮಾಡಿದವರು ದಡ್ಡರು. ಲಾರಿಗಳ ಹಿಂದೆ ‘ನಿಧಾನವೇ ಪ್ರಧಾನ’ ಎಂದು ಬರೆಸುತ್ತೇವೆ, ಆ ಲಾರಿ ನಿಧಾನವಾಗಿ ಹೋದರೆ ಹಿಂದಿನಿಂದ ಹಾರ್ನ್ ಹೊಡೆಯುತ್ತೇವೆ.

2020ರಲ್ಲಿ ಶಾಲೆಗಳು ಮುಚ್ಚಿ, ನಾವು ಮೇಷ್ಟರುಗಳೆಲ್ಲ ಪಾಠವನ್ನು ಫೋನಿನಲ್ಲಿ ಮುದ್ರಿಸಿ ಕಳಿಸುತ್ತಿದ್ದ ದಿನಗಳಲ್ಲಿ ಎಂಟನೇ ತರಗತಿಯ ಹುಡುಗನೊಬ್ಬ ನನಗೆ ಹೆಮ್ಮೆಯಿಂದ ಹೇಳಿದ್ದ: “ಮಿಸ್, ನಾನು ನಿಮ್ಮನ್ನ ಎರಡರಲ್ಲಿ ಇಟ್ಟು ಓಡಿಸ್ತೀನಿ. ಅರ್ಧ ಗಂಟೆ ಪಾಠ ಕಾಲು ಗಂಟೆಗೆ ಮುಗಿದುಹೋಗತ್ತೆ!” ಅವನ ತಾಯಿಯೂ ಪಕ್ಕದಲ್ಲಿ ನಿಂತು ನಕ್ಕರು, ಮಗ ಎಷ್ಟು ಚುರುಕು ನೋಡಿ ಎಂಬಂತೆ. 2021ರಲ್ಲಿ ವಾಟ್ಸಾಪಿನವರು ಧ್ವನಿ ಸಂದೇಶಗಳನ್ನು ಒಂದೂವರೆ ಪಟ್ಟು, ಎರಡು ಪಟ್ಟು ವೇಗದಲ್ಲಿ ಕೇಳುವ ಸೌಕರ್ಯ ಕೊಟ್ಟರು. ಮುಕ್ಕಾಲು, ಅರ್ಧ ಎಂಬ ಗುಂಡಿಗಳನ್ನು ಮಾತ್ರ ಕೊಡಲಿಲ್ಲ. ನಿಧಾನವಾಗಿ ಕೇಳುವವರೂ ಇದ್ದಾರು ಎಂಬ ಯೋಚನೆ ಅವರಿಗೆ ಬಂದಂತಿಲ್ಲ. ಅತ್ತೆಯ ಮಾತನ್ನು ಎರಡು ಪಟ್ಟು ವೇಗದಲ್ಲಿ ಕೇಳಿ ಮುಗಿಸುವುದು ತಪ್ಪು ಎಂದು ಯಾವ ಹಿರಿಯರೂ ಹೇಳಿದ್ದು ನಾನು ಕೇಳಿಲ್ಲ.

ಆದರೆ ಇದೇ ಫೋನಿನಲ್ಲಿ, ಇದೇ ವಿದ್ಯೆಯಿಂದ, ಒಬ್ಬ ಹೆಣ್ಣುಮಗಳು ಒಂದು ಹಾಡನ್ನು ನಿಧಾನ ಮಾಡಿಕೊಂಡು ಕಲಿತರೆ ಮಾತ್ರ ಅದು ಕಳ್ಳದಾರಿಯಂತೆ! ಅದು ವಿದ್ಯೆಯೇ ಅಲ್ಲವಂತೆ! ಈ ಮಾತನ್ನು ನಾನು ಒಪ್ಪುವುದಿಲ್ಲ. ಏಕೆ ಒಪ್ಪುವುದಿಲ್ಲ ಎಂಬುದನ್ನು ಹೇಳುವುದಕ್ಕೇ ಈ ಬರಹ.

ನಾನಿರುವುದು ಬಾಗಲಗುಂಟೆಯಲ್ಲಿ. ಹೆಸರಘಟ್ಟ ರಸ್ತೆ, ಎಂಟನೇ ಮೈಲಿ, ದಾಸರಹಳ್ಳಿ ಬಲ್ಲವರಿಗೆ ನಮ್ಮೂರು ಗೊತ್ತು. 2007ರಲ್ಲಿ ದಾಸರಹಳ್ಳಿ ನಗರಸಭೆ ಬೆಂಗಳೂರು ಮಹಾನಗರ ಪಾಲಿಕೆಗೆ ಸೇರಿದ ಮೇಲೆ ನಾವೂ ಬೆಂಗಳೂರಿನವರಾದೆವು. ತುಮಕೂರು ರಸ್ತೆ ದಾಟಿದರೆ ಪೀಣ್ಯ. ನಮ್ಮ ಬೀದಿಯ ಗಂಡಸರಲ್ಲಿ ಅನೇಕರು ಅಲ್ಲಿನ ಕಾರ್ಖಾನೆಗಳಲ್ಲಿ, ಹೆಂಗಸರಲ್ಲಿ ಅನೇಕರು ಗಾರ್ಮೆಂಟ್ಸಿನಲ್ಲಿ ದುಡಿಯುತ್ತಾರೆ.

ಕೆಲವು ವರ್ಷಗಳ ಹಿಂದೆ ನಮ್ಮ ಬಡಾವಣೆಯ ಗಣೇಶನ ಪೆಂಡಾಲಿನಲ್ಲಿ ದೇವರನಾಮದ ಸ್ಪರ್ಧೆ ಇಟ್ಟಿದ್ದರು. ನಮ್ಮ ಹಿಂದಿನ ಬೀದಿಯ ಹುಡುಗಿಯೊಬ್ಬಳು, ಗಾರ್ಮೆಂಟ್ಸಿನಲ್ಲಿ ಹೊಲಿಗೆ ಮಾಡುವವಳು, ಎರಡು ಮಕ್ಕಳ ತಾಯಿ, ಹೆಸರು ಕೊಟ್ಟಿದ್ದಳು. ಕಲ್ಯಾಣಿ ರಾಗದ ಒಂದು ದೇವರನಾಮ ಹಾಡಿದಳು. ಶ್ರುತಿ ಬಿಡಲಿಲ್ಲ, ತಾಳ ತಪ್ಪಲಿಲ್ಲ, ಸಾಹಿತ್ಯ ಸ್ವಚ್ಛವಾಗಿತ್ತು. ಚರಣದಲ್ಲಿ ಒಂದು ಕಡೆ ಬರುವ ಬಿರುಕಾ ಅವಳ ಗಂಟಲಿನಲ್ಲಿ ಉದುರಿದ ರೀತಿಗೆ ಮುಂದೆ ಕುಳಿತಿದ್ದ ಅಜ್ಜಿಯರು ತಲೆದೂಗಿದರು. ತೀರ್ಪುಗಾರರಾಗಿ ಬಂದಿದ್ದವರು ಸಂಗೀತ ಬಲ್ಲ ಹಿರಿಯರು. ಅವರೂ ಮೊದಲು ತಲೆದೂಗಿದವರೇ. ಆಮೇಲೆ ಕೇಳಿದರು:

“ಚೆನ್ನಾಗಿದೆಯಮ್ಮ. ಯಾರ ಹತ್ರ ಪಾಠ?”

“ಯಾರ ಹತ್ರಾನೂ ಇಲ್ಲ ಸಾರ್. ಮೊಬೈಲಲ್ಲಿ ನಿಧಾನ ಇಟ್ಕೊಂಡು ಕಲ್ತೆ.”

ಪೆಂಡಾಲಿನಲ್ಲಿ ನಗು ಎದ್ದಿತು. ಆ ಹಿರಿಯರು ಮೈಕು ಹಿಡಿದು ಗುರುಮುಖದ ಮಹಿಮೆಯ ಬಗ್ಗೆ ಹತ್ತು ನಿಮಿಷ ಮಾತನಾಡಿದರು. ಯಂತ್ರದಿಂದ ಬಂದದ್ದು ಯಾಂತ್ರಿಕವಾಗಿಯೇ ಇರುತ್ತದೆ, ಇದು ಪರೀಕ್ಷೆಯಲ್ಲಿ ಚೀಟಿ ಇಟ್ಟುಕೊಂಡು ಬರೆದ ಹಾಗೆ, ಎಂದರು. ಬಹುಮಾನ ಬೇರೆ ಯಾರಿಗೋ ಹೋಯಿತು. ಹೋಗಲಿ, ಅದೊಂದು ಸ್ಟೀಲ್ ಡಬ್ಬಿ. ಆದರೆ ಆ ಹುಡುಗಿ ಮರುವರ್ಷ ಹೆಸರು ಕೊಡಲಿಲ್ಲ. ಕೇಳಿದರೆ, “ಬೇಡ ಬಿಡಿ ಮಿಸ್, ನಮ್ದು ಕಳ್ಳ ಸಂಗೀತ ಅಂತಾರೆ” ಎಂದಳು. ನನ್ನ ಸಿಟ್ಟಿರುವುದು ಇಲ್ಲಿ. ಸಂಗೀತ ಬರುವವಳ ಬಾಯಿ ಮುಚ್ಚಿಸಿದ್ದು ಸಂಗೀತದ ಹೆಸರಿನಲ್ಲಿ.

ಆ ಹಿರಿಯರ ಮಾತಿಗೆ ಉತ್ತರ ಕೊಡಬೇಕಾದರೆ ಈ ‘ನಿಧಾನ ಇಟ್ಟುಕೊಳ್ಳುವುದು’ ಎಂದರೇನೆಂದು ಮೊದಲು ತಿಳಿಯಬೇಕು. ನನ್ನ ವಯಸ್ಸಿನವರಿಗೆ ಕ್ಯಾಸೆಟ್ಟಿನ ಕಾಲ ನೆನಪಿರುತ್ತದೆ. ಒಂದು ಸಾಲು ಕೇಳುವುದು, ನಿಲ್ಲಿಸುವುದು, ಹಿಂದಕ್ಕೆ ಸುತ್ತುವುದು, ಮತ್ತೆ ಕೇಳುವುದು. ಟೇಪು ಸಿಕ್ಕಿಕೊಂಡರೆ ಪೆನ್ಸಿಲು ತೂರಿಸಿ ತಿರುಗಿಸುವುದು. ಟೇಪ್‌ರೆಕಾರ್ಡರಿನ ಸೆಲ್ಲು ಮುಗಿಯುತ್ತಾ ಬಂದಾಗ ಏನಾಗುತ್ತಿತ್ತು ಹೇಳಿ? ಹಾಡು ನಿಧಾನವಾಗುತ್ತಿತ್ತು, ಜೊತೆಗೆ ಗಾಯಕಿಯ ಧ್ವನಿ ದಪ್ಪನಾಗಿ ಗಂಡಸಿನ ಧ್ವನಿಯಾಗುತ್ತಿತ್ತು. ಕೊನೆಗೆ ಯಾವುದೋ ಭೂತ ನರಳಿದಂತೆ ಕೇಳಿ ಮಕ್ಕಳೆಲ್ಲ ನಗುತ್ತಿದ್ದರು. ಆ ಕಾಲದ ತಂತ್ರದಲ್ಲಿ ವೇಗವೂ ಶ್ರುತಿಯೂ ಒಂದೇ ಹಗ್ಗಕ್ಕೆ ಕಟ್ಟಿದ ಎರಡು ಎತ್ತುಗಳು. ಒಂದನ್ನು ಹಿಡಿದು ನಿಲ್ಲಿಸಿದರೆ ಇನ್ನೊಂದೂ ನಿಲ್ಲುತ್ತಿತ್ತು.

ಲೆಕ್ಕ ಸುಲಭ. ಹಾಡನ್ನು ಅರ್ಧ ವೇಗಕ್ಕೆ ಇಳಿಸಿದರೆ ಶ್ರುತಿ ಸರಿಯಾಗಿ ಒಂದು ಸ್ಥಾಯಿ ಇಳಿಯುತ್ತದೆ. ಮಧ್ಯ ಷಡ್ಜ ಹೋಗಿ ಮಂದ್ರ ಷಡ್ಜವಾಗುತ್ತದೆ. ಮುಕ್ಕಾಲು ವೇಗಕ್ಕೆ ಇಳಿಸಿದರೆ ಷಡ್ಜ ಬಂದು ಮಂದ್ರ ಪಂಚಮದ ಮೇಲೆ ಕೂರುತ್ತದೆ. ಐದೂವರೆ ಶ್ರುತಿಯಲ್ಲಿ ಹಾಡಿದ ಹೆಂಗಸಿನ ಹಾಡು ಎರಡೂವರೆಗೆ ಇಳಿಯುತ್ತದೆ, ಗಂಡಸರು ಹಾಡುವ ಶ್ರುತಿಗೆ. ಅದರ ಜೊತೆ ನಾವು ಹಾಡಿಕೊಂಡು ಕಲಿಯುವುದಾದರೂ ಹೇಗೆ? ದೊಡ್ಡ ಸ್ಪೂಲ್ ಟೇಪ್‌ರೆಕಾರ್ಡರುಗಳಲ್ಲಿ ಎರಡು ವೇಗ ಇರುತ್ತಿದ್ದವು. ಏಳೂವರೆ ಇಂಚಿನಲ್ಲಿ ಮುದ್ರಿಸಿದ್ದನ್ನು ಮೂರೂ ಮುಕ್ಕಾಲು ಇಂಚಿನಲ್ಲಿ ನುಡಿಸಿ ಕೇಳಬಹುದಿತ್ತು. ಆದರೆ ಹೀಗೆಯೇ, ಒಂದು ಸ್ಥಾಯಿ ಕೆಳಗೆ.

ಈಗಿನ ತಂತ್ರಾಂಶ ಮಾಡುವುದು ಬೇರೆ. ನಮ್ಮ ಹೆಣ್ಣುಮಕ್ಕಳಿಗೆ ಅದನ್ನು ಹೂವಿನ ಲೆಕ್ಕದಲ್ಲಿ ಹೇಳಿದರೆ ಬೇಗ ತಿಳಿಯುತ್ತದೆ. ಒಂದು ಮೊಳ ಮಲ್ಲಿಗೆ ಇದೆ ಎನ್ನಿ, ಒತ್ತಾಗಿ ಕಟ್ಟಿದ್ದು. ಅದನ್ನು ಎರಡು ಮೊಳ ಮಾಡಬೇಕು. ದಾರವನ್ನು ರಬ್ಬರಿನ ಹಾಗೆ ಎಳೆದರೆ ಉದ್ದವೇನೋ ಆಗುತ್ತದೆ, ಆದರೆ ಹೂವುಗಳ ನಡುವೆ ಅಂತರ ಬಿದ್ದು ಮಾಲೆ ಬೋಳಾಗುತ್ತದೆ. ಅದು ಹಳೆಯ ಟೇಪಿನ ರೀತಿ. ಒತ್ತು ಕಡಿಮೆಯಾದದ್ದೇ ಶ್ರುತಿ ಇಳಿದದ್ದು. ಇನ್ನೊಂದು ರೀತಿ ಎಂದರೆ, ಮಾಲೆಯನ್ನು ಅಲ್ಲಲ್ಲಿ ಬಿಚ್ಚಿ, ಆಯಾ ಜಾಗದಲ್ಲಿ ಆಗಲೇ ಇರುವಂಥದೇ ಹೂವುಗಳನ್ನು ಅಷ್ಟೇ ಒತ್ತಾಗಿ ಸೇರಿಸಿ ಕಟ್ಟುವುದು. ಮಾಲೆ ಎರಡು ಮೊಳ ಆಯಿತು, ಒತ್ತು ಹಾಗೇ ಉಳಿಯಿತು. ತಂತ್ರಾಂಶವೂ ಹಾಡನ್ನು ಸೆಕೆಂಡಿನ ನೂರನೆಯ ಕೆಲವು ಭಾಗಗಳಷ್ಟು ಸಣ್ಣ ತುಣುಕುಗಳಾಗಿ ಬಿಡಿಸಿ, ಒಂದರ ಅಂಚಿನ ಮೇಲೆ ಇನ್ನೊಂದರ ಅಂಚು ಬರುವಂತೆ, ಗಂಟು ಕಾಣದಂತೆ ಜೋಡಿಸುತ್ತಾ ಹೋಗುತ್ತದೆ. ಹಾಡು ಉದ್ದವಾಗುತ್ತದೆ, ಶ್ರುತಿ ಅಲ್ಲೇ ಇರುತ್ತದೆ.

ಇದು ನಿನ್ನೆ ಮೊನ್ನೆ ಹುಟ್ಟಿದ ಆಟಿಕೆಯೂ ಅಲ್ಲ. ಹಂಗೆರಿಯಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ಕೆಲಸ ಮಾಡಿದ ಡೆನಿಸ್ ಗೇಬರ್ ಎಂಬ ವಿಜ್ಞಾನಿ ಶಬ್ದವನ್ನು ಹೀಗೆ ಕಾಳು ಕಾಳಾಗಿ ನೋಡಬಹುದೆಂದು 1946ರಷ್ಟು ಹಿಂದೆಯೇ ತೋರಿಸಿದರು; ಅವರಿಗೇ ಮುಂದೆ 1971ರಲ್ಲಿ ಹಾಲೊಗ್ರಫಿಗಾಗಿ ನೊಬೆಲ್ ಬಂದದ್ದು. 1966ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಫ್ಲನಾಗನ್ ಮತ್ತು ಗೋಲ್ಡನ್ ಎಂಬಿಬ್ಬರು ಇದಕ್ಕೆ ಇನ್ನೊಂದು ಗಣಿತದ ದಾರಿ ಹುಡುಕಿದರು. 2000ದಲ್ಲಿ ಹೊರಬಂದ ಆಡಾಸಿಟಿ ಎಂಬ ತಂತ್ರಾಂಶವನ್ನು ಯಾರು ಬೇಕಾದರೂ ಬಿಡಿಗಾಸಿಲ್ಲದೆ ಕಂಪ್ಯೂಟರಿಗೆ ಹಾಕಿಕೊಳ್ಳಬಹುದು. ಈಗಂತೂ ಯೂಟ್ಯೂಬಿನಲ್ಲೇ ವೇಗದ ಗುಂಡಿ ಇದೆ. ಆ ಹುಡುಗ ನನ್ನನ್ನು ಎರಡರಲ್ಲಿ ಓಡಿಸಿದಾಗ ನನ್ನ ಧ್ವನಿ ಇಲಿಯ ಕಿಚಕಿಚ ಆಗದೆ ನನ್ನದಾಗಿಯೇ ಉಳಿದದ್ದೂ ಇದೇ ವಿದ್ಯೆಯಿಂದ. ಅಲ್ಲಿ ಹೂವು ತೆಗೆದು ಮಾಲೆ ಗಿಡ್ಡ ಮಾಡಿದರು, ಇಲ್ಲಿ ಸೇರಿಸಿ ಉದ್ದ ಮಾಡಿದರು. ಅಷ್ಟೇ ವ್ಯತ್ಯಾಸ.

ಶ್ರುತಿ ಒಂದೇ ಇರಬೇಕು, ಕಾಲ ಮಾತ್ರ ಬದಲಾಗಬೇಕು ಎಂಬುದನ್ನು ನಮಗೆ ಅಮೆರಿಕದವರು ಕಲಿಸಬೇಕಾಗಿತ್ತೇ? ಸಂಗೀತದ ಮೊದಲ ಪಾಠ ನೆನಪಿಸಿಕೊಳ್ಳಿ. ಮಾಯಾಮಾಳವಗೌಳದಲ್ಲಿ ಸರಳೆ ವರಸೆ. ತಂಬೂರಿ ಹಾಗೇ ಮೀಟುತ್ತಿರುತ್ತದೆ. ಅದೇ ಸ್ವರಗಳನ್ನು ಒಂದನೇ ಕಾಲ, ಎರಡನೇ ಕಾಲ, ಮೂರನೇ ಕಾಲ ಎಂದು ಹಾಡಿಸುತ್ತಾರೆ. ಪಾಠವನ್ನು ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿಕೊಟ್ಟವರು ಪುರಂದರದಾಸರೆಂದು ಪರಂಪರೆ ನಂಬುತ್ತದೆ, ಅದಕ್ಕೇ ಅವರನ್ನು ಕರ್ನಾಟಕ ಸಂಗೀತದ ಪಿತಾಮಹ ಎನ್ನುತ್ತೇವೆ. ದಾಸರ ಪಾಠದಲ್ಲಿ ಒಂದನೇ ಕಾಲ ಮರ್ಯಾದೆಯ ವಿಷಯ, ಫೋನಿನಲ್ಲಿ ಅದೇ ಒಂದನೇ ಕಾಲ ಕಳ್ಳತನ ಎಂದರೆ ಹೇಗೆ?

ನಾನು ಬಿ.ಎ., ಬಿ.ಎಡ್. ಮಾಡಿ ಕನ್ನಡ ಪಾಠ ಹೇಳುವವಳು, ಸಂಗೀತದ ವಿದುಷಿ ಅಲ್ಲ. ಆದರೆ ಕಲಿಸುವುದು ಎಂದರೇನೆಂದು ಅಷ್ಟಿಷ್ಟು ಬಲ್ಲೆ. ಉಕ್ತಲೇಖನ ಕೊಡುವಾಗ ನಾನು ವಾಕ್ಯವನ್ನು ಬಿಡಿಸಿ ಬಿಡಿಸಿ, ಮಾಮೂಲಿಗಿಂತ ನಿಧಾನವಾಗಿ, ಎರಡೆರಡು ಸಲ ಓದುತ್ತೇನೆ. ಧ್ವನಿಯನ್ನು ದಪ್ಪ ಮಾಡಿಕೊಂಡು ಓದುವುದಿಲ್ಲ. ‘ಸಂಸ್ಕೃತಿ’ ಎಂಬ ಪದ ಮಗುವಿನ ಕಿವಿಗೆ ಅಕ್ಷರ ಅಕ್ಷರವಾಗಿ ಬಿದ್ದರೆ ತಾನೇ ಅದು ಒತ್ತಕ್ಷರವನ್ನು ಸರಿಯಾಗಿ ಬರೆದೀತು? ಹಾಗೆ ಬರೆದ ಮಗುವನ್ನು ‘ನೀನು ನಿಧಾನವಾಗಿ ಕೇಳಿ ಬರೆದೆ, ಇದು ನಕಲು’ ಎಂದು ಯಾವ ಮೇಷ್ಟರೂ ಬೈದಿಲ್ಲ. ಮರಳಿನ ಮೇಲೆ ಅಜ್ಜನ ಬೆರಳು ಹಿಡಿದು ಅ ಆ ತಿದ್ದಿದವರ ಬರಹವನ್ನು ಯಾರೂ ಅಜ್ಜನ ಬರಹ ಎನ್ನುವುದಿಲ್ಲ.

ಚೀಟಿ ಇಟ್ಟುಕೊಂಡು ಬರೆದ ಹಾಗೆ ಎಂಬ ಹೋಲಿಕೆಯಂತೂ ಸುಳ್ಳು. ಚೀಟಿ ನೋಡಿ ಬರೆದವನಿಗೆ ಚೀಟಿ ಕಿತ್ತುಕೊಂಡರೆ ಏನೂ ಬರುವುದಿಲ್ಲ. ಆ ಹುಡುಗಿ ಪೆಂಡಾಲಿನಲ್ಲಿ ಹಾಡುವಾಗ ಅವಳ ಫೋನು ಗಂಡನ ಜೇಬಿನಲ್ಲಿತ್ತು. ಹಾಡು ಅವಳ ಗಂಟಲಿನಲ್ಲಿತ್ತು. ಅದು ಗಂಟಲಿಗೆ ಇಳಿಯುವುದಕ್ಕೆ ಎಷ್ಟು ದಿನ ಹಿಡಿಯಿತು ಎಂಬುದೂ ನನಗೆ ಗೊತ್ತು. ಬೆಳಿಗ್ಗೆ ಎಂಟಕ್ಕೆ ಮನೆ ಬಿಟ್ಟರೆ ಸಂಜೆ ಏಳಕ್ಕೆ ಬರುವವಳು. ಹಗಲೆಲ್ಲ ಗಂಟೆಗೆ ಇಷ್ಟು ಪೀಸು ಎಂಬ ಲೆಕ್ಕ. ಕೈ ನಿಧಾನವಾದರೆ ಸೂಪರ್‌ವೈಸರ್ ಬಂದು ಬೆನ್ನ ಹಿಂದೆ ನಿಲ್ಲುತ್ತಾನೆ. ರಾತ್ರಿ ಪಾತ್ರೆ ತೊಳೆದು, ಮಕ್ಕಳನ್ನು ಮಲಗಿಸಿ, ಅಡುಗೆಮನೆಯ ಬಾಗಿಲು ಹಾಕಿಕೊಂಡು, ಒಂದೊಂದು ಸಾಲನ್ನು ಅರ್ಧದಲ್ಲಿ ಇಟ್ಟು, ಆಮೇಲೆ ಮುಕ್ಕಾಲಿಗೆ ಏರಿಸಿ, ಕಡೆಗೆ ಪೂರ್ತಿ ವೇಗಕ್ಕೆ ತಂದಿದ್ದಳು. ಒಂದು ದೇವರನಾಮಕ್ಕೆ ಎರಡು ತಿಂಗಳು. ಇದನ್ನು ಸೋಮಾರಿಯ ದಾರಿ ಎನ್ನುವವರು ಒಂದು ವಾರ ಅವಳ ದಿನಚರಿಯಲ್ಲಿ ಬದುಕಿ ನೋಡಲಿ. ದಿನವಿಡೀ ಬೇರೆಯವರ ವೇಗಕ್ಕೆ ಓಡುವವಳಿಗೆ ತನ್ನ ವೇಗದಲ್ಲಿ ನಡೆಯುವ ಕೆಲಸ ಅದೊಂದೇ ಇತ್ತು.

ಗುರುವಿಲ್ಲದೆ ವಿದ್ಯೆಯಿಲ್ಲ ಎನ್ನುವವರಿಗೆ ನಾನು ಕೇಳುವುದು ಇಷ್ಟೇ: ಗುರು ಎಲ್ಲಿದ್ದಾರೆ, ಎಷ್ಟು ಗಂಟೆಗೆ ಸಿಗುತ್ತಾರೆ, ತಿಂಗಳಿಗೆ ಎಷ್ಟು ಕೊಡಬೇಕು? 1905ರಲ್ಲಿ ಹುಟ್ಟಿದ ಬೆಂಗಳೂರು ಗಾಯನ ಸಮಾಜ ಇರುವುದು ಕೃಷ್ಣರಾಜೇಂದ್ರ ರಸ್ತೆಯಲ್ಲಿ. 1939ರಿಂದ ರಾಮನವಮಿಯ ಸಂಗೀತೋತ್ಸವ ನಡೆಸಿಕೊಂಡು ಬಂದಿರುವ ಶ್ರೀ ರಾಮಸೇವಾ ಮಂಡಲಿ ಇರುವುದು ಚಾಮರಾಜಪೇಟೆಯಲ್ಲಿ. ಚೌಡಯ್ಯ ಸ್ಮಾರಕ ಭವನ ಮಲ್ಲೇಶ್ವರದ ಕಡೆ. 2015ರಲ್ಲಿ ನಾಗಸಂದ್ರಕ್ಕೆ ಮೆಟ್ರೋ ಬಂದ ಮೇಲೆ ಹೋಗುವುದು ಸುಲಭವಾಗಿದೆ, ನಿಜ. ಆದರೆ ಕಛೇರಿ ಮುಗಿಸಿಕೊಂಡು ರಾತ್ರಿ ಬಂದಿಳಿದ ಹೆಂಗಸಿಗೆ ಮನೆಯಲ್ಲಿ ಯಾವ ಸ್ವಾಗತ ಕಾದಿರುತ್ತದೆ ಎಂಬುದು ನಿಮಗೂ ಗೊತ್ತು, ನನಗೂ ಗೊತ್ತು. ನಮ್ಮ ರಸ್ತೆಯಲ್ಲೇ ಆ ಕಡೆ ಮುಂದುವರಿದರೆ ಹೆಸರಘಟ್ಟದಲ್ಲಿ ಪ್ರೊತಿಮಾ ಬೇಡಿ 1990ರಲ್ಲಿ ಕಟ್ಟಿದ ನೃತ್ಯಗ್ರಾಮವಿದೆ. ಗುರುಗಳ ಜೊತೆಯಲ್ಲೇ ಇದ್ದು ಹಗಲಿರುಳು ಕಲಿಯುವ ಜಾಗ. ಅಂಥ ಜಾಗಗಳು ಇರಬೇಕು, ಅವುಗಳ ಬಗ್ಗೆ ನನಗೆ ಗೌರವವಿದೆ. ಆದರೆ ಗುರುಕುಲದಲ್ಲಿ ಹೋಗಿ ಇರಬಲ್ಲವರು ನೂರಕ್ಕೆ ಎಷ್ಟು ಜನ? ಉಳಿದವರು ಬಾಯಿ ಮುಚ್ಚಿಕೊಂಡಿರಬೇಕೇ?

ಯಂತ್ರದಿಂದ ಕಲಿತರೆ ಗುರುಭಕ್ತಿ ಹೋಗುತ್ತದೆ ಎಂಬ ಭಯವೂ ಪೊಳ್ಳು. ನಮ್ಮ ಗಂಗೂಬಾಯಿ ಹಾನಗಲ್ಲರ ಬಾಲ್ಯವನ್ನು ನೋಡಿ. ಬೀದಿಯಲ್ಲಿ ಗ್ರಾಮಫೋನಿನ ಸದ್ದು ಕೇಳಿದರೆ ಮನೆಯಿಂದ ಓಡಿಬಂದು ನಿಂತು ಕೇಳುತ್ತಿದ್ದರು, ಕೇಳಿದ್ದನ್ನು ಗುನುಗುತ್ತಿದ್ದರು. ಯಂತ್ರದ ಹಾಡು ಕೇಳಿದ್ದಕ್ಕೆ ಅವರು ಗುರುವನ್ನು ಬೇಡವೆಂದರೇ? ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಓಡಾಡಿ ಸವಾಯಿ ಗಂಧರ್ವರಲ್ಲಿ ಕಲಿತರು. ಗದಗಿನ ಹುಡುಗ ಭೀಮಸೇನ ಜೋಶಿ ಅಬ್ದುಲ್ ಕರೀಂ ಖಾನರ ಗ್ರಾಮಫೋನ್ ತಟ್ಟೆ ಕೇಳಿ ಹುಚ್ಚು ಹಿಡಿಸಿಕೊಂಡು, 1933ರಲ್ಲಿ ಹನ್ನೊಂದನೆಯ ವಯಸ್ಸಿಗೆ ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟರು. ಕಡೆಗೆ ಸೇರಿದ್ದು ಅದೇ ಸವಾಯಿ ಗಂಧರ್ವರ ಪಾದವನ್ನೇ. ಗ್ರಾಮಫೋನು ಅವರಿಬ್ಬರನ್ನೂ ಗುರುವಿನಿಂದ ದೂರ ಮಾಡಲಿಲ್ಲ. ಹಸಿವು ಹುಟ್ಟಿಸಿ ಗುರುವಿನ ಮನೆ ಬಾಗಿಲಿಗೆ ಕಳಿಸಿತು.

ಇನ್ನೂ ಹಿಂದಕ್ಕೆ ಹೋದರೆ, 1902ರಲ್ಲಿ ಕಲಕತ್ತೆಗೆ ಧ್ವನಿಮುದ್ರಣದ ಯಂತ್ರ ಬಂದಾಗ ಅದರ ಮುಂದೆ ನಿಂತು ಹಾಡಿದ ಮೊದಲಿಗರಲ್ಲಿ ಗೌಹರ್ ಜಾನ್ ಒಬ್ಬರು. ದೊಡ್ಡ ದೊಡ್ಡ ಉಸ್ತಾದರು ಯಂತ್ರಕ್ಕೆ ಹಾಡುವುದು ತಮ್ಮ ಘನತೆಗೆ ಕಡಿಮೆ ಎಂದು ಹಿಂಜರಿದಾಗ ಮುಂದೆ ಬಂದವರು ಹೆಂಗಸರು. ಆ ತಟ್ಟೆಯಲ್ಲಿ ಹಿಡಿಯುತ್ತಿದ್ದುದು ಸುಮಾರು ಮೂರು ನಿಮಿಷ. ಗಂಟೆಗಟ್ಟಲೆ ಹಾಡುವ ವಿದ್ಯೆಯನ್ನು ಆ ಮೂರು ನಿಮಿಷಕ್ಕೆ ಇಳಿಸಿ ಹಾಡಿದ ಆಕೆ ಕೊನೆಗಾಲದಲ್ಲಿ ಮೈಸೂರಿಗೆ ಬಂದು, ಆಸ್ಥಾನದ ಗಾಯಕಿಯಾಗಿ, 1930ರಲ್ಲಿ ಅಲ್ಲೇ ತೀರಿಕೊಂಡರು. ಯಂತ್ರದ ಮುಂದೆ ಹಾಡಿದವರನ್ನು ಅಂದು ಕೀಳಾಗಿ ಕಂಡವರೂ ಇದ್ದರು. ಇಂದು ಆ ತಟ್ಟೆಗಳಿಂದ ಪಾಠ ಕಲಿಯುವವರು ದೊಡ್ಡ ದೊಡ್ಡ ವಿದ್ವಾಂಸರು.

ಏಕಲವ್ಯನ ಕಥೆಯನ್ನು ಗುರುಭಕ್ತಿಗೆ ಉದಾಹರಣೆಯಾಗಿ ಹೇಳುವವರೂ ಇದ್ದಾರೆ. ನಾನು ಮಕ್ಕಳಿಗೆ ಆ ಕಥೆ ಹೇಳುವಾಗ ಯಾವಾಗಲೂ ಒಂದು ಪ್ರಶ್ನೆ ಕೇಳುತ್ತೇನೆ: ಅವನನ್ನು ಶಿಷ್ಯನಾಗಿ ಸೇರಿಸಿಕೊಳ್ಳಲಾರೆ ಎಂದ ಗುರುವಿಗೆ ಅವನ ಹೆಬ್ಬೆರಳು ಕೇಳುವ ಹಕ್ಕು ಎಲ್ಲಿಂದ ಬಂತು? ಮಕ್ಕಳು ಸರಿಯಾದ ಉತ್ತರವನ್ನೇ ಹೇಳುತ್ತಾರೆ. ದೊಡ್ಡವರಾದ ಮೇಲೆ ಮರೆಯುತ್ತಾರೆ.

ಆಕ್ಷೇಪಗಳಲ್ಲಿ ಒಂದನ್ನು ಮಾತ್ರ ನಾನು ಗೌರವದಿಂದ ಕೇಳುತ್ತೇನೆ. ಅದು ಗಮಕದ ವಿಷಯ. ಸಂಗೀತ ಬಲ್ಲ ಗೆಳತಿಯೊಬ್ಬರು ನನಗೆ ಬಿಡಿಸಿ ಹೇಳಿದರು. ಗುರುಗಳು ಒಂದು ಸಂಗತಿಯನ್ನು ನಿಧಾನವಾಗಿ ಹಾಡಿ ತೋರಿಸುವಾಗ ಬರೀ ಎಳೆಯುವುದಿಲ್ಲ, ಆ ಕಾಲಕ್ಕೆ ತಕ್ಕ ಹಾಗೆ ಗಮಕವನ್ನು ಹೊಸದಾಗಿ ಇಡುತ್ತಾರೆ. ವೇಗದಲ್ಲಿ ಒಂದು ಸಲ ಅಲುಗುವ ಸ್ವರ ವಿಳಂಬದಲ್ಲಿ ಎರಡು ಮೂರು ಸಲ ಅಲುಗೀತು. ತಂತ್ರಾಂಶಕ್ಕೆ ಆ ವಿವೇಕ ಇಲ್ಲ. ಇದ್ದ ಒಂದೇ ಅಲುಗಾಟವನ್ನು ಉದ್ದಕ್ಕೆ ಎಳೆದು ಕೊಡುತ್ತದೆ. ಅದನ್ನೇ ವಿಳಂಬ ಕಾಲದ ಗಾಯನ ಎಂದುಕೊಂಡು ಹಾಗೇ ಹಾಡಿದರೆ ಕಲ್ಯಾಣಿ ತೂಕಡಿಸುತ್ತಾಳೆ. ಮೃದಂಗದ ಘಾತ ಎರಡೆರಡು ಬಿದ್ದಂತೆ ಕೇಳುತ್ತದೆ, ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಧ್ವನಿ ಬಾವಿಯೊಳಗಿನಿಂದ ಬಂದಂತಾಗುತ್ತದೆ. ಇದೆಲ್ಲ ನಿಜ.

ಆದರೆ ಇದು ಯಂತ್ರವನ್ನು ಹೇಗೆ ಬಳಸಬೇಕು ಎಂಬುದಕ್ಕೆ ಉತ್ತರವೇ ಹೊರತು ಬಳಸಬಾರದು ಎಂಬುದಕ್ಕೆ ಅಲ್ಲ. ಭೂತಗನ್ನಡಿಯಲ್ಲಿ ಇರುವೆಯನ್ನು ನೋಡಿದ ಮಗು ಇರುವೆ ಆನೆಯಷ್ಟಿದೆ ಎಂದು ನಂಬುವುದಿಲ್ಲ. ಇರುವೆಗೆ ಎಷ್ಟು ಕಾಲು ಎಂದು ಎಣಿಸಿಕೊಳ್ಳುತ್ತದೆ. ಹಾಡನ್ನು ನಿಧಾನ ಮಾಡಿ ಕೇಳುವುದೂ ಎಣಿಸಿಕೊಳ್ಳುವುದಕ್ಕೇ: ಬಿರುಕಾದಲ್ಲಿ ಎಷ್ಟು ಸ್ವರವಿದೆ, ಯಾವ ಸ್ವರದಿಂದ ಎತ್ತಿದರು, ಅಕ್ಷರ ತಾಳದ ಯಾವ ಎಣಿಕೆಗೆ ಬಿತ್ತು, ಉಸಿರು ಎಲ್ಲಿ ತೆಗೆದುಕೊಂಡರು. ಗಮಕವನ್ನು ಕಾಗದದ ಮೇಲೆ ಹಿಡಿಯಲು ಸುಬ್ಬರಾಮ ದೀಕ್ಷಿತರು 1904ರ ತಮ್ಮ ‘ಸಂಗೀತ ಸಂಪ್ರದಾಯ ಪ್ರದರ್ಶಿನಿ’ಯಲ್ಲಿ ಒಂದೊಂದಕ್ಕೂ ಒಂದೊಂದು ಗುರುತು ಇಟ್ಟು ಅಚ್ಚು ಹಾಕಿಸಿದರು. ಕಾಗದದ ಗುರುತು ನೋಡಿ ಕಲಿತರೆ ಶಾಸ್ತ್ರ, ಹಾಡಿದವರ ಧ್ವನಿಯನ್ನೇ ಬಿಡಿಸಿ ಕೇಳಿ ಕಲಿತರೆ ಅಪಚಾರ ಎಂಬುದು ಯಾವ ಶಾಸ್ತ್ರ?

ಇನ್ನೂ ಒಂದು ಮಾತು ಹೇಳಿಬಿಡುತ್ತೇನೆ. ಆ ದಿನ ಪೆಂಡಾಲಿನಲ್ಲಿ ಯಂತ್ರವನ್ನು ಹಳಿದ ಹಿರಿಯರು ಕೊನೆಗೆ ತಾವೇ ಒಂದು ಶ್ಲೋಕ ಹಾಡಿದರು. ಅವರ ಮುಂದೆ ಶ್ರುತಿ ಹಿಡಿದಿದ್ದು ತಂಬೂರಿ ಅಲ್ಲ, ಮೊಬೈಲು. ತಪ್ಪೆಂದು ನಾನು ಹೇಳುವುದಿಲ್ಲ. ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ, ತಂಬೂರಿಗಳನ್ನು 1970ರ ದಶಕದ ಕೊನೆಯಿಂದ ರೂಪಿಸುತ್ತಾ ಬಂದವರು ನಮ್ಮ ಬೆಂಗಳೂರಿನವರೇ ಆದ ಜಿ. ರಾಜನಾರಾಯಣ್. ಎಚ್.ಎ.ಎಲ್.ನಲ್ಲಿದ್ದ ಇಂಜಿನಿಯರು, ಕೊಳಲು ನುಡಿಸುವವರು. ಅವರು ಕಟ್ಟಿದ ರಾಡೆಲ್ ಕಂಪನಿಯ ಪೆಟ್ಟಿಗೆಗಳು ಎಷ್ಟೋ ವಿದ್ವಾಂಸರ ಪಕ್ಕದಲ್ಲಿ ಕೂತಿವೆ. ತಂಬೂರಿ ಮೀಟುವವರು ಸಿಗದ ಮನೆಗಳಲ್ಲಿ, ಅಡುಗೆ ಮಾಡುತ್ತಾ ಅಭ್ಯಾಸ ಮಾಡುವ ಹೆಂಗಸರಿಗೆ ಅದು ದೊಡ್ಡ ಉಪಕಾರ ಮಾಡಿತು. ಹಿರಿಯರಿಗೆ ಅನುಕೂಲವಾದ ಯಂತ್ರಕ್ಕೆ ವೇದಿಕೆಯ ಮೇಲೆ ಜಾಗ, ಕಲಿಯುವವರಿಗೆ ಅನುಕೂಲವಾದ ಯಂತ್ರಕ್ಕೆ ಬೈಗುಳ. ಈ ಭೇದದಲ್ಲಿ ಸಂಗೀತದ ಮೇಲಿನ ಪ್ರೀತಿ ನನಗೆ ಕಾಣುವುದಿಲ್ಲ. ವಿದ್ಯೆಯ ಬಾಗಿಲಲ್ಲಿ ತಾನು ನಿಂತಿರಬೇಕು, ತನ್ನನ್ನು ಕೇಳಿಯೇ ಒಳಗೆ ಹೋಗಬೇಕು ಎಂಬ ಆಸೆ ಮಾತ್ರ ಕಾಣುತ್ತದೆ.

ಹಾಗಾದರೆ ಏನಾಗಬೇಕು? ಸಂಗೀತ ಪಾಠ ಹೇಳುವವರಲ್ಲಿ ನನ್ನ ಬೇಡಿಕೆ ದೊಡ್ಡದೇನಲ್ಲ. ಫೋನಿನಿಂದ ಕಲಿತು ಬಂದವಳನ್ನು ನೋಡಿ ನಗಬೇಡಿ. ಅವಳು ಅರ್ಧ ದಾರಿ ತಾನೇ ನಡೆದು ಬಂದಿದ್ದಾಳೆ, ಉಳಿದರ್ಧ ನೀವು ನಡೆಸಿ. ತಿಂಗಳಿಗೆ ಒಂದು ಭಾನುವಾರ ಸಂಜೆ ಎರಡು ಗಂಟೆ ಇಟ್ಟುಕೊಂಡು, ‘ನೀವು ಕೇಳಿ ಕಲಿತದ್ದನ್ನು ಹಾಡಿ, ತಿದ್ದುತ್ತೇನೆ’ ಎಂದರೆ ಬಾಗಲಗುಂಟೆ, ಮಂಜುನಾಥನಗರ, ದಾಸರಹಳ್ಳಿಯ ಎಷ್ಟು ಹೆಂಗಸರು ಬಂದಾರು ನೋಡಿ. ಜೂನಿಯರ್ ಪರೀಕ್ಷೆಗೆ ಕಟ್ಟುವ ಮಕ್ಕಳಿಗೆ ನಿಮ್ಮದೇ ಧ್ವನಿಯಲ್ಲಿ ಪಾಠ ಮುದ್ರಿಸಿ ಕೊಡಿ. ಮಗು ಬೇಕಾದಷ್ಟು ನಿಧಾನ ಮಾಡಿಕೊಂಡು ಕೇಳಲಿ. ಆಗ ಯಂತ್ರದೊಳಗೆ ಇರುವುದೂ ಗುರುಮುಖವೇ ಆಗುತ್ತದೆ. ಭಜನಾ ಮಂಡಲಿಗಳ ಹಿರಿಯಕ್ಕಂದಿರಿಗೂ ಇದೇ ಮಾತು. ಹೊಸದಾಗಿ ಸೇರಿದವಳು ವೇಗಕ್ಕೆ ಸೇರಲಾರದೆ ಬಾಯಿ ಆಡಿಸಿ ಸುಮ್ಮನಾಗುವುದನ್ನು ನಾವೆಲ್ಲ ನೋಡಿದ್ದೇವೆ. ಅವಳಿಗೆ ಈ ಗುಂಡಿ ತೋರಿಸಿಕೊಡಿ.

ಕಲಿಯುವ ತಂಗಿಯರಿಗೂ ನಾಲ್ಕು ಮಾತು. ಯೂಟ್ಯೂಬಿನಲ್ಲಿ ಹಾಡು ತೆರೆದು, ಚಕ್ರದಂತಿರುವ ಗುರುತು ಒತ್ತಿದರೆ ‘ಪ್ಲೇಬ್ಯಾಕ್ ಸ್ಪೀಡ್’ ಎಂದು ಬರುತ್ತದೆ. ಕಂಪ್ಯೂಟರಿನಲ್ಲಿ ಆಡಾಸಿಟಿ ಇದ್ದರೆ ‘ಟೆಂಪೊ’ ಬದಲಿಸುವುದನ್ನು ಆರಿಸಿ. ‘ಸ್ಪೀಡ್’ ಬದಲಿಸಿದರೆ ಹಳೆಯ ಟೇಪಿನಂತೆ ಶ್ರುತಿಯೂ ಇಳಿದೀತು. ಅದರಲ್ಲೇ ವೇಗ ಹಾಗೇ ಇಟ್ಟು ಶ್ರುತಿ ಮಾತ್ರ ಬದಲಿಸಲೂ ಬರುತ್ತದೆ. ಗಂಡಸರ ಒಂದನೇ ಮನೆಯಲ್ಲಿ ಇರುವ ಹಾಡನ್ನು ನಿಮ್ಮ ಐದಕ್ಕೆ ಏರಿಸಿಕೊಳ್ಳಬಹುದು, ಧ್ವನಿ ಸ್ವಲ್ಪ ವಿಚಿತ್ರವಾಗಿ ಕೇಳಿದರೂ ಸ್ವರ ಹಿಡಿಯಲು ಸಾಕು. ಅರ್ಧ ವೇಗದಲ್ಲಿ ಕೇಳಿ, ಆದರೆ ಅದರ ಜೊತೆ ಹಾಡಲು ಹೋಗಬೇಡಿ. ಉಸಿರು ಸಾಲದೆ ಪದಗಳನ್ನು ಕಂಡಲ್ಲಿ ಕಡಿಯುವ ಅಭ್ಯಾಸ ಬರುತ್ತದೆ. ಜೊತೆಯಲ್ಲಿ ಹಾಡುವುದು ಮುಕ್ಕಾಲಿನಿಂದ ಮೇಲೆ. ಕಡೆಗೆ ಒಂದು ದಿನ ಫೋನನ್ನು ಬೇರೆ ಕೋಣೆಯಲ್ಲಿಟ್ಟು, ಬರೀ ಶ್ರುತಿಗೆ ಹಾಡಿ ನೋಡಿ. ಬಂದರೆ ಹಾಡು ನಿಮ್ಮದು. ಬರದಿದ್ದರೆ ನಾಚಿಕೆ ಏನು? ಮತ್ತೆ ಮುಕ್ಕಾಲಿಗೆ ಇಳಿಸಿ. ಹಾಡುತ್ತಾ ಹಾಡುತ್ತಾ ರಾಗ ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ.

ಮದುವೆಗೆ ಮುಂಚೆ ಒಂದಿಷ್ಟು ಸಂಗೀತ ಕಲಿತು, ನೋಡಲು ಬಂದವರ ಮುಂದೆ ಒಂದು ಹಾಡು ಹೇಳಿ, ಆಮೇಲೆ ಮೂವತ್ತು ವರ್ಷ ಒಗ್ಗರಣೆಯ ಸದ್ದು ಬಿಟ್ಟು ಬೇರೆ ನಾದ ಕೇಳದವರು ನಮ್ಮಲ್ಲಿ ಎಷ್ಟು ಮಂದಿ ಇಲ್ಲ? ಅವರಿಗೂ ಹೇಳುತ್ತೇನೆ. ಮಧ್ಯಾಹ್ನ ಎಲ್ಲರ ಊಟವಾಗಿ, ಪಾತ್ರೆ ಬೋರಲು ಹಾಕಿದ ಮೇಲೆ ಒಂದು ಅರ್ಧ ಗಂಟೆ ಸಿಗುತ್ತದಲ್ಲ, ಆಗ ಹಳೆಯ ವರ್ಣವನ್ನೋ ದೇವರನಾಮವನ್ನೋ ಮುಕ್ಕಾಲಿಗೆ ಇಟ್ಟು ಕೇಳಿ. ಮರೆತ ಸ್ವರಗಳು ಒಂದೊಂದಾಗಿ ಬರುತ್ತವೆ. ‘ಈ ವಯಸ್ಸಿನಲ್ಲಿ ಇದೆಲ್ಲ ಏನು’ ಎಂದು ಯಾರಾದರೂ ಕೇಳಿದರೆ ಬಾಗಿಲು ಮುಂದಕ್ಕೆ ಹಾಕಿಕೊಳ್ಳಿ, ಹಾಡು ನಿಲ್ಲಿಸಬೇಡಿ.